ಟವೆಲ್ ಕೆಳಗಿನ ಭಾಷೆ

ನಾಲ್ಕು ಲಾರಿ ತೊಗರಿಯ ವ್ಯವಹಾರ. ಯಾವ ಚೀಲ ಯಾವ ಹೊಲದ್ದು, ಯಾವ ಸುಗ್ಗಿಯದು ಎಂದು ವೆಬ್‌ಸೈಟಿನಲ್ಲಿ ಕಾಣದಿದ್ದರೆ ಮಾಲು ಬೇಡ ಎಂದಿದ್ದರು ಪುಣೆಯ ಖರೀದಿದಾರರು. ಎಲ್ಲವೂ ಹುಮನಾಬಾದಿನ ನಮ್ಮ ಗೋದಾಮಿನ ಕಂಪ್ಯೂಟರಿನಲ್ಲಿತ್ತು. ಆದರೆ ಅದನ್ನು ಪ್ರಶ್ನೆ ಕೇಳಲು ಅದರದ್ದೇ ಒಂದು ಭಾಷೆ ಬೇಕು. ಅದನ್ನು ಬಲ್ಲವರು ನಮ್ಮ ಇಂಜಿನಿಯರ್ ಒಬ್ಬರೇ. ಅದೇ ವಾರ ಅವರು ತೀರಿಕೊಂಡರು. ಅವರ ಮಣ್ಣಿಗೆ ಹೋಗಿ ಬಂದೆ.

ವೆಬ್‌ಸೈಟ್ ಮಾಡುವ ಬಸವಕಲ್ಯಾಣದ ಶಿವಲೀಲಾ ಪರದೆ ನೋಡಿ, "ಸಾವ್ಕಾರ್ರ, ಈ ಭಾಷಾ ನನಗ ಬರಂಗಿಲ್ರಿ" ಅಂದಳು.

"ಕಲಿ ತಂಗಿ, ರೊಕ್ಕ ಕೊಡ್ತೀನಿ."

"ಕಲೀತೀನ್ರಿ. ನಾಳಿ ನಾನೂ ಇಲ್ಲಂದ್ರ? ದನದ ಸಂತ್ಯಾಗ ಟವೆಲ್ ಕೆಳಗ ಬೆರಳು ಹಿಡಿದು ರೇಟ್ ಮಾಡ್ತಾರಲ್ರಿ, ಹಂಗ ಅದ ಇದು, ಬೆರಳು ಹಿಡಿದವ್ರಿಗಷ್ಟ ತಿಳೀತದ. ನಾ ಆ ಟವೆಲ್ ತಗೀತೀನಿ."

"ಎಲ್ಲಾರಿಗೂ ತಿಳದ್ರ ನಿನ್ನ ಯಾರು ಕರೀತಾರ?"

"ಹೊಸ ಕೆಲಸಕ್ಕ ನೀವೇ ಕರೀತೀರಿ."

ಇಂಜಿನಿಯರ್ ಬರೆದಿಟ್ಟ ಪ್ರಶ್ನೆಗಳನ್ನು ಅವಳು ಕೆಡಿಸಲಿಲ್ಲ. ಒಂದೊಂದಕ್ಕೂ 'ಹೊಲ', 'ತೇವ', 'ಸುಗ್ಗಿ' ಎಂದು ಸಾದಾ ಹೆಸರು ಕೊಟ್ಟಳು. ವೆಬ್‌ಸೈಟ್ ಮಾಡುವವರು ಯಾರೇ ಆ ಹೆಸರು ಬರೆದರೂ, ಒಳಗೆ ಸತ್ತವರ ಭಾಷೆಯೇ ಉತ್ತರ ತರುತ್ತಿತ್ತು.

ಪುಣೆಯವರು ತೆರೆದು ನೋಡಿದರು. ನಾಲ್ಕನೇ ಲಾರಿಯ ಮಾಲು ಹೋದ ಸುಗ್ಗಿಯದು ಎಂಬುದೂ ಅವರಿಗೆ ಕಂಡಿತು; ಅದೊಂದು ಬೇಡ ಎಂದರು.

ಒಟ್ಟು ಗಳಿಕೆ, ಮೂರು ಲಾರಿ.