ಟೈಲರ್ ಆಂಟಿ ಬದಲಿಸದೆ ಉಳಿಸಿಕೊಂಡ ಹೆಸರು

ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಎಂದು ನನ್ನ ಗಂಡನ ಕಂಪನಿಯವರು ಹುಕುಂ ಹೊರಡಿಸಿದ ಮೇಲೆ ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಗೆ ಮತ್ತೆ ಜೀವ ಬಂದಿದೆ. ಮೊನ್ನೆ ಬೆಳಿಗ್ಗೆ ಅವರು ಹತ್ತಿಯ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದ್ದೇ ತಡ, ಆ ಹಬೆಯ ವಾಸನೆ ಅಡುಗೆಮನೆಗೂ ಬಂತು. ಟೈಲರ್ ಆಂಟಿಯ ಅಂಗಡಿಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು, ನನಗೆ ಅವರು ನೆನಪಾದರು. ಒಗ್ಗರಣೆಗೆ ಹಾಕಿದ್ದ ಸಾಸಿವೆ ಸೀದುಹೋಯಿತು.

ಅಮೆರಿಕದಲ್ಲಿ ನಾವಿರುವ ಊರು ಏಪೆಕ್ಸ್‌ನಲ್ಲಿ ಹೆದ್ದಾರಿ ಪಕ್ಕದ ಅಂಗಡಿ ಸಾಲಿನಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ಪಕ್ಕ, ಅವರದೊಂದು ಪುಟ್ಟ ಹೊಲಿಗೆ ಅಂಗಡಿ ಇತ್ತು. ಕೋವಿಡ್ಡಿನ ಎರಡನೆಯ ವರ್ಷ. ಇಂಡಿಯಾಗೆ ಹೋಗುವವರಿಲ್ಲ, ಬರುವವರಿಲ್ಲ. ಮೈಸೂರಿನಲ್ಲಿ ಹೊಲಿಸಿದ್ದ ರವಿಕೆಗಳಿಗೂ ಮನೆಯಲ್ಲೇ ಕೂತು ಊದಿಕೊಂಡಿದ್ದ ನನ್ನ ತೋಳುಗಳಿಗೂ ಹೊಂದಾಣಿಕೆ ತಪ್ಪಿತ್ತು. ಬೇರೆ ದಾರಿ ಕಾಣದೆ ಅಲ್ಲಿಗೆ ಹೋದೆ. ಎಪ್ಪತ್ತು ದಾಟಿದ್ದ ಅವರು ಹುಟ್ಟಿದ್ದು ಕ್ಯೂಬಾದಲ್ಲಿ, ಬೆಳೆದದ್ದು ಮಯಾಮಿಯಲ್ಲಿ. ಹುಟ್ಟಿದಾಗಿನಿಂದ ರವಿಕೆ ಕಂಡವರಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಉಳಿದ ಬಟ್ಟೆ ಎಲ್ಲಿ?" ಎಂದು ಕೇಳಿ ತಾವೇ ನಕ್ಕರು. ಎರಡೇ ದಿನದಲ್ಲಿ ಅದನ್ನು ಬಿಚ್ಚಿ ಹೊಲಿದು ಕೊಟ್ಟದ್ದು ಮಾತ್ರ ಮೈಸೂರಿನ ಯಾವ ದರ್ಜಿಗೂ ಕಡಿಮೆಯಿರಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ಟೈಲರ್ ಆಂಟಿ.

ಅಂಗಡಿಯ ಬೋರ್ಡಿನ ಮೇಲೆ ಅವರ ಮನೆತನದ ಹೆಸರಿತ್ತು. ಎಕ್ಸ್‌ಪೋಸಿತೊ. ಒಂದು ಮಧ್ಯಾಹ್ನ ಸುಮ್ಮನೆ ಮಾತಿಗೆಂದು ಅದರ ಅರ್ಥ ಕೇಳಿದೆ. ನಮ್ಮ ಕಡೆ ಹೆಸರಿನ ಹಿಂದೆ ಊರಿರುತ್ತದೆ, ಅಪ್ಪನ ಹೆಸರಿರುತ್ತದೆ. ನಿಮ್ಮದೂ ಊರೇ ಇರಬೇಕು ಎಂದೆ.

ಅವರು ಮಿಷನ್ ನಿಲ್ಲಿಸಿದರು. "ಹೊರಗೆ ಇಟ್ಟದ್ದು ಅಂತ ಅರ್ಥ," ಎಂದರು.

ಸ್ಪೇನಿನಲ್ಲಿ ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮಠದ ಗೋಡೆಯಲ್ಲಿ ಮರದ ಒಂದು ತಿರುಗುಗೂಡು ಇರುತ್ತಿತ್ತಂತೆ. ಸಾಕಲಾಗದವರು ಹಸುಗೂಸನ್ನು ಅದರಲ್ಲಿ ಮಲಗಿಸಿ, ಗೂಡು ತಿರುಗಿಸಿ, ಗಂಟೆ ಬಾರಿಸಿ ಹೊರಟುಹೋಗುತ್ತಿದ್ದರು. ಒಳಗಿದ್ದವರಿಗೆ ಮಗು ಸಿಗುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ ಅಂಥ ಎಷ್ಟೋ ಮಕ್ಕಳಿಗೆ ಬರೆಯುತ್ತಿದ್ದ ಹೆಸರು ಇದೇ. ಆಂಟಿಯ ಅಜ್ಜ ಸ್ಪೇನಿಗೆ ಸೇರಿದ ಕನೇರಿ ದ್ವೀಪದ ಒಂದು ಊರಿನಲ್ಲಿ ಹಾಗೆ ಗೂಡಿನಲ್ಲಿ ಸಿಕ್ಕಿದ ಮಗು. ಬೆಳೆದು ಹಡಗು ಹತ್ತಿ ಕ್ಯೂಬಾಗೆ ಹೋದನಂತೆ. "ಮಯಾಮಿಯ ಫೋನ್ ಬುಕ್ ತೆರೆದರೆ ನಮ್ಮ ಹೆಸರಿನವರೇ ಸಾಲು ಸಾಲು. ಇಟಲಿಯ ನೇಪಲ್ಸ್‌ನಲ್ಲೂ ಇದೇ ಹೆಸರು, ಒಂದಕ್ಷರ ಅತ್ತಿತ್ತ. ಅಷ್ಟು ಜನ ಇದ್ದೇವೆ, ರಕ್ತಸಂಬಂಧ ಮಾತ್ರ ಇಲ್ಲ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ. ಅವರೇನೂ ಕೇಳದಿದ್ದರೂ ನಾನೇ ಬಾಯಿಬಿಟ್ಟೆ. ನನ್ನ ಮಗಳನ್ನು ನಾನು ಹೆತ್ತಿಲ್ಲ. ಹುಬ್ಬಳ್ಳಿಯ ಒಂದು ಅನಾಥಾಲಯದಿಂದ, ಹತ್ತು ತಿಂಗಳ ಮಗುವಿದ್ದಾಗ ತಂದೆವು. ಅವಳಿಗೆ ಇದು ಗೊತ್ತಿಲ್ಲ. ಇಲ್ಲಿನ ಕನ್ನಡದವರಿಗೂ ಗೊತ್ತಿಲ್ಲ. ಸಂಕ್ರಾಂತಿ, ಯುಗಾದಿ ಎಂದು ಸೇರಿದಾಗ ಯಾರಾದರೊಬ್ಬರು "ಇವ್ಳು ಯಾರ ಥರ?" ಎಂದು ಕೇಳಿಯೇ ಕೇಳುತ್ತಾರೆ. ತೀರಿಹೋದ ನನ್ನ ಸೋದರತ್ತೆಯ ಥರ ಎಂದುಬಿಡುತ್ತಿದ್ದೆ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ಮಗುವನ್ನು ತಂದಾಗ ನಮ್ಮತ್ತೆ ಪುರೋಹಿತರನ್ನು ಕೇಳಿದ ಮೊದಲ ಪ್ರಶ್ನೆ ಗೋತ್ರದ್ದು. ಅವರು, "ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಅಂತಾರೆ. ಇನ್ನು ಮೇಲೆ ಅಪ್ಪಂದೇ ಮಗೂದೂ, ಬಿಡಿ ತಾಯಿ," ಎಂದು ಮಾತು ಮುಗಿಸಿದ್ದರು. ಅದನ್ನೂ ಹೇಳಿದೆ. ಆಂಟಿಗೆ ಅದು ಬಹಳ ಹಿಡಿಸಿತು. "ಹಾಗಾದರೆ ನಿಮ್ಮ ಋಷಿಗೂ ನಮ್ಮ ಹೆಸರೇ!" ಎಂದರು. ಆಮೇಲೆ ನನ್ನ ಕೈ ಹಿಡಿದು, "ಅವಳಿಗೆ ಹೇಳು. ತಾನಾಗಿ ತಿಳಿಯುವ ಮೊದಲು ಹೇಳು," ಎಂದರು.

ಅವರ ತಮ್ಮ ಈ ಹೆಸರು ಬೇಡವೆಂದು ಬದಲಿಸಿಕೊಂಡಿದ್ದರಂತೆ. ಇಲ್ಲಿಯ ಪೌರತ್ವ ಸಿಗುವಾಗ ಆಂಟಿಯನ್ನೂ ಅಧಿಕಾರಿಗಳು ಹೆಸರು ಬದಲಿಸುವುದಿದೆಯೇ ಎಂದು ಕೇಳಿದ್ದರಂತೆ. ಆಂಟಿ ಇಲ್ಲವೆಂದರು. ಮದುವೆಯಾದ ಮೇಲೂ ಬಿಡಲಿಲ್ಲ. ಯಾಕೆ ಎಂದು ಕೇಳಿದೆ.

"ಅದನ್ನು ಮಗುವಿಗೆ ಹೇಳುತ್ತೇನೆ. ನಿನಗಲ್ಲ," ಎಂದರು.

ಹೇಳೋಣ, ಪರೀಕ್ಷೆ ಮುಗಿಯಲಿ. ಹೇಳೋಣ, ಬೇಸಿಗೆ ರಜೆ ಬರಲಿ. ಹುಟ್ಟುಹಬ್ಬದ ಹೊತ್ತಿನಲ್ಲಿ ಯಾಕೆ... ಹೀಗೆ ಎರಡು ವರ್ಷ ದಾಟಿದವು. ಅಂಗಡಿಗೆ ಹೋದಾಗಲೆಲ್ಲ ಆಂಟಿ ಹುಬ್ಬೇರಿಸುತ್ತಿದ್ದರು, ನಾನು ತಲೆಯಲ್ಲಾಡಿಸುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಇತ್ತು ನನ್ನ ಬಾಳು.

ಮಗಳಿಗೆ ಹತ್ತು ವರ್ಷ. ರಾಜ್ಯೋತ್ಸವದ ಡಾನ್ಸಿಗೆ ತರಿಸಿದ್ದ ಲಂಗ ಉದ್ದವಾಗಿತ್ತು. ಆಂಟಿ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಂಚು ಮಡಿಸುತ್ತಿದ್ದರು. ಕಿಟಕಿಯಾಚೆ ಬೋರ್ಡು ಕಾಣುತ್ತಿತ್ತು. ಮಗಳು, "ನಿಮ್ಮ ಹೆಸರಿಗೆ ಅರ್ಥ ಏನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಆಂಟಿ ನನ್ನತ್ತ ನೋಡಿದರು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. "ಒಳ್ಳೆಯ ಪ್ರಶ್ನೆ," ಎಂದರು...

ನಾನು ತಟ್ಟನೆ ಎದ್ದೆ. "ಲೇಟಾಯ್ತು, ಇಳಿ, ಟ್ರಾಫಿಕ್ ಆಗತ್ತೆ," ಎಂದು ಮಗಳ ರಟ್ಟೆ ಹಿಡಿದು ಇಳಿಸಿದೆ. ಅರ್ಧ ಪಿನ್ನು ಚುಚ್ಚಿದ್ದ ಲಂಗದಲ್ಲೇ ಅವಳನ್ನು ಕಾರಿಗೆ ಎಳೆದೊಯ್ದೆ. ಆಂಟಿ ಬಾಗಿಲವರೆಗೆ ಬಂದು ನಿಂತರು. ನಾನು ತಿರುಗಿ ನೋಡಲಿಲ್ಲ. ಅಂಚನ್ನು ಮನೆಯಲ್ಲಿ ನಾನೇ ಸೊಟ್ಟಸೊಟ್ಟಗೆ ಹೊಲಿದೆ. ಮತ್ತೆ ಆ ಅಂಗಡಿಗೆ ಕಾಲಿಡಲಿಲ್ಲ. ಹಾದಿಯಲ್ಲಿ ಅದು ಕಂಡರೆ ಸಿಗ್ನಲ್ ನೋಡುವವಳಂತೆ ಮುಖ ತಿರುಗಿಸುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

ಹೆದರಿದ್ದು ಆದದ್ದು ಬೇರೆ ದಾರಿಯಲ್ಲಿ. ಹನ್ನೆರಡು ತುಂಬಿದ ಮಗಳು ಶಾಲೆಯ ಪ್ರವಾಸಕ್ಕೆ ಪಾಸ್‌ಪೋರ್ಟ್ ಹುಡುಕುತ್ತ ಹೋದಾಗ ಫೈಲಿನಲ್ಲಿದ್ದ ಕೋರ್ಟಿನ ದತ್ತು ಕಾಗದ ಸಿಕ್ಕಿತು. "ಅಮ್ಮಾ, ಇದು ನಾನಾ?" ಎಂದಳು. ಹೌದೆಂದೆ. ಅವಳು ಅಳಲಿಲ್ಲ. ಯಾರ್‍ಯಾರಿಗೆ ಗೊತ್ತು ಎಂದು ಕೇಳಿದಳು. ಅಜ್ಜ, ಅಜ್ಜಿಯರು, ಚಿಕ್ಕಪ್ಪ... ಮತ್ತೆ ಟೈಲರ್ ಆಂಟಿ.

"ಟೈಲರ್ ಆಂಟೀಗೆ ಗೊತ್ತು, ನಂಗೆ ಗೊತ್ತಿಲ್ಲ? ದಟ್ಸ್ ನಾಟ್ ಫೇರ್, ಅಮ್ಮಾ."

ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದು, "ಆಂಟಿ ಶಾಪ್‌ಗೆ ಡ್ರೈವ್ ಮಾಡ್ತೀಯಾ?" ಎಂದಳು.

ಹೋದೆವು. ಬೋರ್ಡು ಇರಲಿಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ಪಕ್ಕದ ಉಗುರು ಬಣ್ಣದ ಅಂಗಡಿಯಾಕೆ ಹೊರಗೆ ಬಂದು ಹೇಳಿದರು: ಹೋದ ಚಳಿಗಾಲ ಆಂಟಿಯ ಹೃದಯ ನಿಂತುಹೋಯಿತು, ಮಯಾಮಿಯಿಂದ ಅವರ ಮಗಳು ಬಂದು ಮಿಷನ್‌ಗಳನ್ನು ತೆಗೆದುಕೊಂಡು ಹೋದಳು. ನಮಗೆ ಯಾರು ತಿಳಿಸಬೇಕಿತ್ತು? ಬರುವುದನ್ನು ಬಿಟ್ಟ ಗಿರಾಕಿಗಳು ನಾವು. ಕಾರಿನಲ್ಲಿ ಕೂತ ಮೇಲೆ ನಾನು ಅತ್ತೆ. ಮಗಳು ಟಿಶ್ಯೂ ಕೊಟ್ಟಳು, ಸಮಾಧಾನ ಹೇಳಲಿಲ್ಲ.

ಅಲ್ಲೇ, ಕಾರು ನಿಲ್ಲಿಸಿದಲ್ಲೇ, ಎಲ್ಲ ಹೇಳಿದೆ. ಹೊರಗೆ ಇಟ್ಟದ್ದು ಎಂಬ ಅರ್ಥ, ಮಠದ ತಿರುಗುಗೂಡು, ಹಡಗು ಹತ್ತಿದ ಅಜ್ಜ, ಹೆಸರು ಬದಲಿಸಿದ ತಮ್ಮ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಂಟಿ ಯಾಕೆ ಚೇಂಜ್ ಮಾಡ್ಲಿಲ್ಲ?"

ಗೊತ್ತಿಲ್ಲ ಎಂದೆ. ನಿನಗೇ ಹೇಳುತ್ತೇನೆ ಎಂದಿದ್ದರು ಎಂದೆ.

ಈಗ ನಮ್ಮಿಬ್ಬರ ನಡುವೆ ಮಾತುಕತೆ ಸರಿಯಾಗಿದೆ. ಯಾರ ಥರ ಎಂದು ಕೇಳಿದವರಿಗೆ ಅವಳೇ ನಗುತ್ತ ಉತ್ತರ ಕೊಡುತ್ತಾಳೆ. ಆಂಟಿಯ ಕಾರಣ ಏನಿದ್ದಿರಬಹುದು ಎಂದು ಒಮ್ಮೊಮ್ಮೆ ಅವಳೇ ಊಹಿಸುತ್ತಾಳೆ. ಚೆನ್ನಾಗಿಯೇ ಇರುತ್ತವೆ ಅವಳ ಊಹೆಗಳು. ಆದರೆ ಅವು ಆಂಟಿಯ ಮಾತಲ್ಲ. ಗೂಡಿನಲ್ಲಿ ಸಿಕ್ಕ ಮಗುವಿನ ಮೊಮ್ಮಗಳು ನನ್ನ ಮಗಳಿಗಾಗಿ ಎತ್ತಿಟ್ಟಿದ್ದ ಮಾತನ್ನು ನಾನು ತಪ್ಪಿಸಿದೆ. ಅದನ್ನು ಇನ್ನು ಯಾರೂ ತಂದುಕೊಡಲಾರರು.

ಮೊನ್ನೆ ಸಾಸಿವೆ ಸೀದ ವಾಸನೆಗೆ ಮಗಳು ಕೆಳಗಿಳಿದು ಬಂದಳು. ಏನಾಯಿತು ಎಂದು ಕೇಳಿದಳು, ಹೇಳಿದೆ. ಸೀದ ಒಗ್ಗರಣೆ ಸೌಟನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟಳು.

"ಅವತ್ತು ಒನ್ ಮಿನಿಟ್ ನಿಂತಿದ್ರೆ ಸಾಕಿತ್ತು, ಅಲ್ವಾ ಅಮ್ಮಾ?"

ಹೌದು ಮಗಳೇ. ಒಂದು ನಿಮಿಷ ಸಾಕಿತ್ತು.