ಐವನ್‌ನ ಉಸಿರನ್ನು ಅಳೆದ ಮೀಟರು

"ಏನನ್ನ ಅಳೀಬೇಕು ತಾಯಿ?" ಎಂದು ಹಾರ್ಡ್‌ವೇರ್ ಅಂಗಡಿಯವನು ಕೇಳಿದ.

"ನನ್ನ ಗಂಡನ್ನ," ಎಂದಳು ವಿಲ್ಮಾ.

ಪಕ್ಕದಲ್ಲಿ ನಿಂತಿದ್ದ ನಾನು ನಗು ತಡೆಯಲಾಗದೆ ಬಣ್ಣದ ಡಬ್ಬಗಳ ಹಿಂದಕ್ಕೆ ಓಡಿದೆ. ನಮ್ಮ ಎಲ್ಸೀಸ್ ರಿವರ್ ಬಡಾವಣೆಯಲ್ಲಿ ವಿಲ್ಮಾ ಫೋರ್ಟೇನ್ ಜೊತೆ ಗೋಡೆ ಹಂಚಿಕೊಂಡು ಬದುಕುವುದೆಂದರೆ ಹೀಗೆಯೇ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗದೆ ಮನೆಗೆ ಮರಳುವಂತಿಲ್ಲ. ಆದರೆ ಆವತ್ತು ಅವಳು ತಮಾಷೆಗೆ ಹೇಳಿದ್ದಲ್ಲ.

ಅವಳ ಗಂಡ ಐವನ್ ನಮ್ಮ ಕ್ರಿಸ್‌ಮಸ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಾನೆ. ಹಬ್ಬದ ಬೆಳಿಗ್ಗೆ ಬ್ಯಾಂಡು ಕೋಟು ಟೈ ಹಾಕಿಕೊಂಡು ಮನೆಮನೆಯ ಮುಂದೆ ನಿಂತು ಸ್ತೋತ್ರ ನುಡಿಸುವಾಗ ಕೊನೆಯ ಸಾಲಿನ ಉದ್ದನೆಯ ಸ್ವರ ಅವನೊಬ್ಬನದೇ. ಅವನಿಗಿಂತ ಮೊದಲು ಅದು ಅವನ ಅಪ್ಪನದಾಗಿತ್ತು. ಕಳೆದ ಹಬ್ಬದಲ್ಲಿ ಆ ಸ್ವರ ಅರ್ಧ ದಾರಿಯಲ್ಲೇ ಕೆಮ್ಮಾಗಿ ಮುಗಿಯಿತು. ಬ್ಯಾಂಡಿನ ಕ್ಯಾಪ್ಟನ್ ಮಾರ್ಟಿನಸ್ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟ. "ಐವನ್, ನಿಂಗೆ ಸಿಗರೇಟು ಬೇಕಾ, ಆ ಸಾಲು ಬೇಕಾ? ಮುಂದಿನ ಹಬ್ಬಕ್ಕೂ ಕೆಮ್ಮಿದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ." ಐವನ್ ಆ ದಿನ ಊಟದ ತಟ್ಟೆ ಮುಟ್ಟಲಿಲ್ಲ. ವಿಲ್ಮಾ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಸಿಗರೇಟಿನ ಬದಲಿಗೆ ವೇಪ್ ಬಂತು. ಹಬೆ ಎಳೆಯುವ, ಮುಷ್ಟಿ ತುಂಬುವ ಡಬ್ಬಿ, ಒಳಗೆ ಬೆರಳುದ್ದದ, ಚಾರ್ಜ್ ಮಾಡುವ ಎರಡು ಬ್ಯಾಟರಿ. ಬ್ಯಾಟರಿ ಇರುವಷ್ಟು ಹೊತ್ತು ಐವನ್ ದೇವರಂಥ ಮನುಷ್ಯ. ಡಬ್ಬಿ ಸತ್ತಿತೋ, ಚಪ್ಪಲಿ ಮೆಟ್ಟಿ ಮೂಲೆಯಂಗಡಿಗೆ ಬಿಡಿ ಸಿಗರೇಟಿಗೆ ಹೊರಟ! ಎರಡು ಸಲ ವಿಲ್ಮಾ ಅರ್ಧ ದಾರಿಯಿಂದ ಕಾಲರ್ ಹಿಡಿದು ಎಳೆತಂದಳು. ಇನ್ನೊಂದು ಸಲ ಅವಳು ಸ್ನಾನಕ್ಕೆ ಹೋಗಿದ್ದಳು, ಅವನು ತಪ್ಪಿಸಿಕೊಂಡ.

"ಗಂಡನ್ನ ಕಾಯೋದಕ್ಕಿಂತ ಬ್ಯಾಟರಿ ಕಾಯೋದು ಸುಲಭ ಕಣೇ ಡೆಲಿಯಾ," ಎಂದಳು. "ಯಾವುದರಲ್ಲಿ ಎಷ್ಟು ಉಳಿದಿದೆ ಅಂತ ನಂಗೆ ಮೊದಲೇ ಗೊತ್ತಾಗ್ಬೇಕು. ನಡಿ ಅಂಗಡಿಗೆ."

ಅಂಗಡಿಯವನು ಮೊದಲು ಏಡಿಯ ಇಕ್ಕಳದಂಥ ಬಾಯಿಯಿರುವ ದೊಡ್ಡ ಮೀಟರ್ ತೆಗೆದ. "ಇದ್ರಲ್ಲಿ ಇಡೀ ಫ್ಯಾಕ್ಟರಿ ಅಳೀಬಹುದು."

"ನನ್ನ ಗಂಡ ಫ್ಯಾಕ್ಟರಿಯಷ್ಟು ಹೊಗೆ ಬಿಡ್ತಿದ್ದ, ನಿಜ. ಆದ್ರೂ ಬೇಡ."

ಎರಡನೆಯದು ಅಂಗೈಯೊಳಗೆ ಅಡಗುವಂಥದ್ದು, ಅಂಕಿಗಳು ಸಾಸಿವೆ ಕಾಳಿನಷ್ಟು. "ಇದನ್ನ ಓದೋಕೆ ಇನ್ನೊಂದು ಕನ್ನಡಕ ನೀನು ಕೊಡಿಸ್ತೀಯಾ?" ಕೊನೆಗೆ ಧೂಳು ಹಿಡಿದ ಹಳದಿಯದು ಬಂತು, ಎಲ್ಲಕ್ಕಿಂತ ಅಗ್ಗದ್ದು. ಅಂಕಿಗಳು ದೊಡ್ಡವು, ಚುಕ್ಕಿಯ ಆಚೆಗೂ ಎರಡು ಅಂಕಿ ತೋರಿಸುತ್ತಿತ್ತು, ತಿರುಗಿಸುವ ಗುಂಡಿ ಕಟಕ್ ಕಟಕ್ ಎಂದು ಗಟ್ಟಿಯಾಗಿ ಕೂರುತ್ತಿತ್ತು. ವಿಲ್ಮಾ ಆ ಗುಂಡಿಯನ್ನು ನಾಲ್ಕಾರು ಸಲ ತಿರುಗಿಸಿ ಆ ಶಬ್ದಕ್ಕೇ ಮನಸೋತಳು.

ಮನೆಯಲ್ಲಿ ಮೊದಲ ಪ್ರಯೋಗ. ಅಯ್ಯೋ ದೇವರೇ! ಕೆಂಪು ತಂತಿಯನ್ನು ಸಿಕ್ಕಿದ ತೂತಿಗೆ ಚುಚ್ಚಿ, ತಂತಿಗಳ ತುದಿಯ ಎರಡೂ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದಳು ನೋಡಿ, ಫಟ್ ಎಂದು ಕಿಡಿ ಹಾರಿತು. ಮೇಜಿನ ಬಟ್ಟೆಗೆ ತೂತು. ಐವನ್ ಮೇಜಿನ ಕೆಳಗೆ.

"ಡೆಲಿಯಾ, ನಾನು ಸತ್ತೆನೇನೇ?" ಎಂದು ವಿಲ್ಮಾ ಕಿರುಚಿದಳು.

"ಸತ್ತೋರು ಇಷ್ಟು ಕಿರುಚಲ್ಲ. ಸುಮ್ನಿರು."

ಜೊತೆಗೆ ಬಂದಿದ್ದ ಚೀಟಿ ಓದಿದರೆ, ಅವಳು ಚುಚ್ಚಿದ್ದು ಹತ್ತು ಆಂಪಿಯರ್ ಕರೆಂಟು ಅಳೆಯುವ ತೂತು. ಬ್ಯಾಟರಿಯ ಎರಡು ತುದಿಗೆ ನೇರ ತಂತಿ ಕಟ್ಟಿದಂತೆಯೇ ಲೆಕ್ಕ. ವಿಲ್ಮಾ ಆ ತೂತಿಗೆ ಗಾಯದ ಪಟ್ಟಿ ಅಂಟಿಸಿ ಶಾಶ್ವತವಾಗಿ ಮುಚ್ಚಿದಳು. ಕಿಡಿ ಹಾರಿದ್ದು ಒಂದರಲ್ಲಿ, ಆದರೂ ಜೋಡಿಯನ್ನೇ ತೆಗೆದಿಟ್ಟು ಹೊಸ ಜೋಡಿ ತರಿಸಿದಳು. ಎರಡಕ್ಕೂ ತನ್ನ ಕೆಂಪು ನೇಲ್ ಪಾಲಿಶ್‌ನ ಬೊಟ್ಟಿಟ್ಟಳು.

"ಒಟ್ಟಿಗೆ ಬಂದಿವೆ, ಒಟ್ಟಿಗೇ ಚಾರ್ಜಾಗ್ಬೇಕು, ಒಟ್ಟಿಗೇ ಸಾಯ್ಬೇಕು. ಒಂದನ್ನ ಬೇರೆಯದರ ಜೊತೆ ಹಾಕಿದ್ಯೋ ಐವನ್, ಕೈ ಮುರೀತೀನಿ."

ಆಮೇಲೆ ಹದ ಸಿಕ್ಕಿತು. ಗುಂಡಿಯನ್ನು ನೆಟ್ಟಗಿನ ಗೆರೆ ಇರುವ ವೋಲ್ಟ್ ಕಡೆಯ ಇಪ್ಪತ್ತಕ್ಕೆ ತಿರುಗಿಸಬೇಕು, ಅಲೆ ಗೆರೆಯ ಕಡೆಗಲ್ಲ. ಕೆಂಪು ಕಡ್ಡಿ ಉಬ್ಬಿದ ತುದಿಗೆ, ಕಪ್ಪು ಕಡ್ಡಿ ಚಪ್ಪಟೆ ತುದಿಗೆ. ಬ್ಯಾಟರಿಯ ಹೊಟ್ಟೆ ತುಂಬಿದ್ದರೆ ನಾಲ್ಕು ಪಾಯಿಂಟ್ ಎರಡು, ಮೂರು ಪಾಯಿಂಟ್ ಎರಡಕ್ಕೆ ಇಳಿದರೆ ಹಸಿವು. ಚಾರ್ಜ್ ಮಾಡಿ ಸುಮ್ಮನೆ ಇಟ್ಟರೂ ತಾನಾಗಿ ಇಳಿಯುವಂಥದ್ದು ಮುದಿಯಾಗಿದೆ, ನಂಬಬಾರದು. ಆದರೆ ವಿಲ್ಮಾಳ ಎರಡು ಕೈಗೂ ಒಂದೊಂದು ಕಡ್ಡಿ, ಬ್ಯಾಟರಿಯೋ ಮೇಜಿನ ಮೇಲೆ ಉರುಳುರುಳಿ ಓಡುತ್ತದೆ. ಹಾಗಾಗಿ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುವ ಕೆಲಸ ಐವನ್‌ನದಾಯಿತು. ದಿನಾ ಸಂಜೆ ಚಹಾ ಆದಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ಕೂರುತ್ತಿದ್ದರು. ಅದಕ್ಕೂ ಮೊದಲು ಸಂಜೆಯೆಂದರೆ ಅವನು ಹಿತ್ತಲಲ್ಲಿ ಹೊಗೆಯ ಜೊತೆ, ಇವಳು ಒಳಗೆ ಟಿವಿಯ ಜೊತೆ.

ಸುದ್ದಿ ಹಬ್ಬಿ ಬೀದಿಯ ವೇಪಿನವರೆಲ್ಲ ಭಾನುವಾರ ಬ್ಯಾಟರಿ ಹಿಡಿದು ಬರತೊಡಗಿದರು, ಕೈಯಲ್ಲಿ ಬಿಸಿ ಕೂಸಿಸ್ಟರ್ ಪೊಟ್ಟಣ. ತೆಂಗಿನತುರಿ ಮೆತ್ತಿದ ಆ ಕರಿದ ಸಿಹಿ ಉಂಡೆಗಾಗಿ ನಾನೂ ಹಾಜರಿರುತ್ತಿದ್ದೆ. ಟ್ಯಾಕ್ಸಿ ಓಡಿಸುವ ಎರಲ್ ಹೊದಿಕೆ ಹರಿದ ಬ್ಯಾಟರಿಯನ್ನು ಪ್ಯಾಂಟಿನ ಜೇಬಿನಿಂದ ತೆಗೆದ, ಬೀಗದ ಕೈ ಗೊಂಚಲಿನ ಜೊತೆಗೆ!

"ಲೋ!" ವಿಲ್ಮಾ ಕೂಗಿದಳು. "ಬಟ್ಟೆ ಹರಿದ ಬ್ಯಾಟರಿ, ಪಕ್ಕದಲ್ಲಿ ಕಬ್ಬಿಣ, ಅದೂ ಆ ಜೇಬಲ್ಲಿ! ಕಿಡಿ ಹಾರಿದ್ರೆ? ನಿಂಗೆ ಮಕ್ಕಳು ಮರಿ ಬೇಡ್ವೇನೋ?"

ಎರಲ್ ಎರಡೂ ಕೈಯಲ್ಲಿ ಮುಂದೆ ಮುಚ್ಚಿಕೊಂಡು ನಿಂತ. ನಾನು ಕೂಸಿಸ್ಟರ್ ಗಂಟಲಲ್ಲಿ ಸಿಕ್ಕಿ ಸಾಯುವುದೊಂದು ಬಾಕಿ.

ಹೀಗೆ ನವೆಂಬರ್ ಬಂತು. ಒಂದು ಮಧ್ಯಾಹ್ನ ವಿಲ್ಮಾ ಗೋಡೆಯ ಮೇಲಿಂದ ತಲೆ ಹಾಕಿದಳು, ಮುಖ ಕೆಂಡ.

"ಅವನು ಕದ್ದು ಸಿಗರೇಟು ಸೇದ್ತಿದ್ದಾನೆ."

"ವಾಸನೆ ಬಂತಾ?"

"ಪೆಪ್ಪರ್‌ಮಿಂಟ್ ವಾಸನೆ ಬರ್ತಿದೆ, ಅದಕ್ಕಿಂತ ಸಾಕ್ಷಿ ಬೇಕಾ? ಮೀಟರ್ ಹೇಳ್ತಿದೆ ಕಣೇ! ಮೊದಲು ಫುಟ್‌ಬಾಲ್ ಮ್ಯಾಚಿನ ದಿನ ಎಷ್ಟು ಇಳೀತಿತ್ತು, ಚರ್ಚಿನ ದಿನ ಎಷ್ಟು ಉಳೀತಿತ್ತು! ಈಗ ದಿನಾ ಮೂರು ಪಾಯಿಂಟ್ ಆರು. ಮ್ಯಾಚಿದ್ರೂ ಅಷ್ಟೇ, ಚರ್ಚಿದ್ರೂ ಅಷ್ಟೇ. ಯಾವ ಮನುಷ್ಯ ಹೀಗೆ ಅಳೆದಿಟ್ಟ ಹಾಗೆ ಸೇದ್ತಾನೆ? ಬ್ಯಾಟರಿನ ಬೇರೆ ಏನಕ್ಕೋ ಹಾಕಿ ಇಳಿಸಿ ನಂಗೆ ಟೋಪಿ ಹಾಕ್ತಿದ್ದಾನೆ. ಹಬ್ಬ ಹತ್ರ ಬಂತು, ಆ ಸಾಲು ಹೋಯ್ತು, ಎಲ್ಲ ಹೋಯ್ತು!"

ಆ ಸಂಜೆ ಅವಳು ಬೇಕೆಂದೇ, "ಈ ಬೀದೀಲಿ ಯಾರೋ ಏನೋ ಕದ್ದು ಮಾಡ್ತಿದ್ದಾರಂತೆ," ಎಂದಳು. ಐವನ್‌ನ ಕೈ ಸೀದಾ ಅಂಗಿಯ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಿಲ್ಮಾ ನನ್ನ ಕಡೆ ನೋಡಿದಳು, ನಾನು ಛಾವಣಿ ನೋಡಿದೆ.

ಶನಿವಾರ ಮಟಮಟ ಮಧ್ಯಾಹ್ನ ಐವನ್ ಹಿತ್ತಲಿನ ಮರದ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ನಾವಿಬ್ಬರೂ ಬಕೆಟ್ ಬೋರಲು ಹಾಕಿ ಕಿಟಕಿಗೆ ಹತ್ತಿದೆವು. ನಮ್ಮಿಬ್ಬರ ಗಾತ್ರಕ್ಕೆ ಆ ಬಕೆಟ್ ಅಷ್ಟು ಹೊತ್ತು ತಾಳಿದ್ದೇ ಪವಾಡ. ಒಳಗೆ ನೋಡಿದರೆ ಹೊಗೆ ಇಲ್ಲ, ಹಬೆಯೂ ಇಲ್ಲ. ಹಾಡುಹಗಲಲ್ಲಿ ಟಾರ್ಚೊಂದು ಗೋಡೆಯ ಕಡೆಗೆ ಧಗಧಗ ಉರಿಯುತ್ತಿತ್ತು. ಐವನ್ ಸದ್ದು ಹೊರಬಾರದಂತೆ ಸ್ಯಾಕ್ಸೊಫೋನಿನ ಅಗಲ ಬಾಯಿಗೆ ಕಾಲುಚೀಲ ತುರುಕಿ, ಕಣ್ಣು ಮುಚ್ಚಿ, ಆ ಉದ್ದನೆಯ ಸ್ವರ ಊದುತ್ತಿದ್ದ. ಊದುತ್ತಲೇ ಇದ್ದ. ಕೆಮ್ಮಿಲ್ಲ. ನನಗೇ ಉಸಿರು ಕಟ್ಟಿತು.

ಬಕೆಟ್ ಒಡೆಯಿತು. ನಾವು ಬಿದ್ದೆವು. ಐವನ್ ಬಾಗಿಲು ತೆಗೆದ.

"ಟಾರ್ಚ್‌ಗೆ ಯಾಕೆ ಹಾಕಿದ್ದೀಯಾ ನನ್ನ ಬ್ಯಾಟರಿನ?" ವಿಲ್ಮಾ ನೆಲದ ಮೇಲಿಂದಲೇ ಅಬ್ಬರಿಸಿದಳು. "ಸಿಗರೇಟು ಎಲ್ಲಿ? ತೆಗಿ ಜೇಬಿಂದ!"

ಅವನು ಜೇಬು ಬರಿದು ಮಾಡಿದ. ಪೆಪ್ಪರ್‌ಮಿಂಟ್ ಉದುರಿದವು.

"ಸಿಗರೇಟೂ ಇಲ್ಲ, ವೇಪೂ ಇಲ್ಲ ವಿಲ್ಮಾ. ಎರಡೂ ಬಿಟ್ಟು ತಿಂಗಳಾಯ್ತು."

"ಬಿಟ್ಟಿದ್ಯಾ? ಬಿಟ್ಟು... ಅದನ್ನ ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತೋ ಮಾರಾಯ? ನಾನು ಒಳಗೊಳಗೇ ಬೆಂದು ಹೋದೆ!"

ಐವನ್ ಸ್ಯಾಕ್ಸೊಫೋನಿನಿಂದ ಕಾಲುಚೀಲ ಎಳೆದು ತೆಗೆದ, ಅದನ್ನೇ ಮಡಿಸುತ್ತಾ ನಿಂತ. "ಹೇಳಿದ್ರೆ ನೀನು ಮೀಟರ್ ಎತ್ತಿಡ್ತಿದ್ದೆ. ಸಂಜೆ ನೀನು ನನ್ನ ಪಕ್ಕ ಕೂತ್ಕೊಳ್ತೀಯ. ಬ್ಯಾಟರಿ ಹಿಡ್ಕೋ ಅಂತೀಯ. ಇಷ್ಟು ವರ್ಷದಲ್ಲಿ ಯಾವತ್ತು ಕೂತಿದ್ವಿ ಹಾಗೆ? ನಂಗೆ ಅದು ಬೇಕಿತ್ತು. ಅದಕ್ಕೇ ಟಾರ್ಚ್ ಉರಿಸಿ ಇಳಿಸ್ತಿದ್ದೆ."

ವಿಲ್ಮಾ ನೆಲದಿಂದ ಏಳಲಿಲ್ಲ. ಒಡೆದ ಬಕೆಟಿನ ಚೂರನ್ನೇ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ಅಳುತ್ತಾ ನಗುತ್ತಾ ಪೆಪ್ಪರ್‌ಮಿಂಟ್ ಹೆಕ್ಕಿದೆ.

ಹಬ್ಬದ ಬೆಳಿಗ್ಗೆ ಬ್ಯಾಂಡು ನಮ್ಮ ಬೀದಿಗೆ ಬಂದಾಗ ವಿಲ್ಮಾಳ ಮೇಜಿನ ತುಂಬ ಸಿಹಿ ಟಾರ್ಟು, ಸಮೋಸ, ಶುಂಠಿ ಪಾನಕ. ಕೊನೆಯ ಸಾಲು ಬಂತು, ಐವನ್ ಒಂದು ಹೆಜ್ಜೆ ಮುಂದೆ ಬಂದು ಊದಿದ. ಸ್ವರ ಬೀದಿಯ ಆ ತುದಿ ಮುಟ್ಟಿ ವಾಪಸ್ ಬಂದರೂ ಅವನು ನಿಲ್ಲಿಸಲಿಲ್ಲ. ಮಾರ್ಟಿನಸ್ ಟೋಪಿ ತೆಗೆದ. ಎರಲ್ ಶಿಳ್ಳೆ ಹೊಡೆದ. ವಿಲ್ಮಾ ಅತ್ತಳು, ಎರಡನೆಯ ಸಲ, ನಾನೂ ಅತ್ತೆ, ಮುಚ್ಚುಮರೆ ಏನು!

ಸಂಜೆ ಟಾರ್ಟಿನ ತಟ್ಟೆ ಹಿಂದಿರುಗಿಸಲು ಹೋದೆ. ಇಬ್ಬರೂ ಮೇಜಿಗೆ ಕೂತಿದ್ದರು, ತಲೆಗೆ ತಲೆ ತಾಗಿಸಿ. ಅವನ ಬೆರಳಲ್ಲಿ ಕೆಂಪು ಬೊಟ್ಟಿನ ಬ್ಯಾಟರಿ, ಅವಳ ಎರಡು ಕೈಯಲ್ಲಿ ಎರಡು ಕಡ್ಡಿ. ಮೀಟರಿನಲ್ಲಿ ಅಂಕಿಯೇ ಇರಲಿಲ್ಲ.

"ವಿಲ್ಮಾ, ಮೀಟರ್ ಆಫ್ ಆಗಿದೆ ಕಣೇ."

"ಗೊತ್ತು," ಎಂದಳು ತಲೆ ಎತ್ತದೆ. "ತಟ್ಟೆ ಅಲ್ಲಿಡು, ಬಾಗಿಲು ಎಳ್ಕೊಂಡು ಹೋಗು."