ಕಸಿಮಾವನ ತಾಯಿಮರ

ನಮ್ಮ ಊರಿಗೆ ಕಿತ್ತಳೆ ಬಂದದ್ದು ಅಜ್ಜನ ಕಾಲದಲ್ಲಿ. ಅದಕ್ಕೆ ಮೊದಲು ಇಲ್ಲಿ ಸುಣ್ಣದ ಗೂಡುಗಳಿದ್ದವು. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆ ಮಾತ್ರವಲ್ಲ, ಅದನ್ನು ಎತ್ತಿಡಲು ಓಡಿಬಂದವರ ತಲೆಯೂ ಬೆಳ್ಳಗಾಗುತ್ತಿತ್ತಂತೆ. ಗೂಡುಗಳು ಮುಚ್ಚಿದ ಮೇಲೆ ಯಾರೋ ನಾಲ್ಕು ಜನ ಗಿಡ ನೆಟ್ಟರು. ಕಾಲುವೆ ಬಂತು, ರೈಲು ಹಳಿಯ ಪಕ್ಕ ಹಣ್ಣಿನ ಶೆಡ್ಡುಗಳು ಎದ್ದವು. ನನ್ನ ಅಮ್ಮ ಅಂಥದೊಂದು ಶೆಡ್ಡಿನಲ್ಲಿ ಹದಿನೆಂಟು ವರ್ಷ ಹಣ್ಣು ವಿಂಗಡಿಸಿದಳು. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ಗಿಡಗಳಿಗೆ ಕಸಿ ಕಟ್ಟುತ್ತಿದ್ದ. ನನಗೆ ಮಾವನಾದವನು ಊರಿಗೆಲ್ಲ ಕಸಿಮಾವನಾದ.

ಕಾಡುನಿಂಬೆಯ ಸಸಿಯ ತೊಗಟೆ ಸೀಳಿ, ಒಳ್ಳೆಯ ಮರದ ರೆಂಬೆಯಿಂದ ಚಿಗುರೊಡೆಯುವ ಒಂದು ಕಣ್ಣನ್ನು ಎಬ್ಬಿಸಿ ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುವುದು ಅವನ ಕೆಲಸ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡುತ್ತಿದ್ದ. ಅವನು ಕೈಯಿಟ್ಟರೆ ಮುದುಕರ ಊರುಗೋಲೂ ಚಿಗುರುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅವನ ಮನೆಯ ಹಿತ್ತಲಲ್ಲಿ ಒಂದು ಮರವಿತ್ತು. ಹಣ್ಣು ಜೇನು, ಸಿಪ್ಪೆ ತೆಳು. ಕಣ್ಣುಗಳನ್ನೆಲ್ಲ ಅವನು ತೆಗೆಯುತ್ತಿದ್ದುದು ಅದರಿಂದಲೇ. ಅದಕ್ಕೇ ಅದು ತಾಯಿಮರ. ಊರಿನ ಅರ್ಧ ತೋಟಗಳು ಅದರ ಮಕ್ಕಳು.

ಪಕ್ಕದ ಮನೆಯಲ್ಲಿ ಕಾಲುವೆಯ ತೂಬು ನೋಡಿಕೊಳ್ಳುವ ನೀರಣ್ಣ ಇದ್ದ. ಯಾವ ತೋಟಕ್ಕೆ ಯಾವಾಗ ನೀರು ಎನ್ನುವುದು ಅವನ ಬೆರಳ ತುದಿಯಲ್ಲಿತ್ತು. ಇಬ್ಬರೂ ಬೆಳಿಗ್ಗೆ ಹಿತ್ತಲ ಗೋಡೆಯ ಆಚೆ ಈಚೆ ನಿಂತು ಚಹಾ ಕುಡಿಯುತ್ತಿದ್ದರು. ಮಾತೇನೂ ಹೆಚ್ಚಿರುತ್ತಿರಲಿಲ್ಲ.

ಒಂದು ವರ್ಷ ತಾಯಿಮರದ ಒಂದು ಕೊಂಬೆಯ ಎಲೆಗಳಲ್ಲಿ ಹಳದಿ ಮಚ್ಚೆ ಬಂತು. ಎಲೆಯ ಅರ್ಧ ಹಸಿರು, ಅರ್ಧ ಹಳದಿ. ಗೊಬ್ಬರ ಸಾಲದೇನೋ ಎಂದು ಮಾವ ಗೊಬ್ಬರ ಹಾಕಿದ. ಮಚ್ಚೆ ಹೋಗಲಿಲ್ಲ. ಆ ವರ್ಷವೇ ಊರಿಗೆ ರಸದ ಕಾರ್ಖಾನೆ ಬರುತ್ತದೆಂದು ಸುದ್ದಿಯಾಗಿ, ಎಲ್ಲರಿಗೂ ಸಸಿ ಬೇಕಾಗಿತ್ತು. ಮಾವ ಆ ಕೊಂಬೆಯೊಂದನ್ನು ಬಿಟ್ಟು ಉಳಿದವುಗಳಿಂದ ಕಣ್ಣು ತೆಗೆದ. "ಅನುಮಾನ ಬಂದಿತ್ತು ಕಣೆ," ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ. "ಬಂದಿರಲಿಲ್ಲ ಅಂದ್ರೆ ಆ ಕೊಂಬೆ ಯಾಕೆ ಬಿಡ್ತಿದ್ದೆ?"

ನಾಲ್ಕನೇ ವರ್ಷಕ್ಕೆ ತೋಟಗಳು ಹಳದಿಯಾದವು. ಕಾಯಿ ನಿಂಬೆ ಗಾತ್ರಕ್ಕೇ ನಿಂತು, ಕಹಿಯಾಗಿ, ಮುಟ್ಟಿದರೆ ಉದುರುತ್ತಿತ್ತು. ಶೆಡ್ಡಿನಲ್ಲಿ ಅಮ್ಮನ ಮುಂದೆ ಹಣ್ಣು ಸಾಗಿಸುವ ಪಟ್ಟಿ ಬರಿದೇ ತಿರುಗುತ್ತಿತ್ತು.

ಅದೇ ಬೇಸಿಗೆಯಲ್ಲಿ ಕಾಲುವೆ ದುರಸ್ತಿಯೆಂದು ನೀರಣ್ಣ ಹಿಂಬದಿಯ ತೂಬನ್ನು ಮೂರು ದಿನ ತೆರೆದು ಮೇಲಿನ ಕೆರೆಯ ನೀರು ಬಿಟ್ಟಿದ್ದ. ಆ ಕೆರೆಯ ದಂಡೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವರಿದ್ದರು. ಯಾರೋ ಒಬ್ಬರು ಆ ಬಣ್ಣದ ನೀರನ್ನೂ ತೋಟದ ರೋಗವನ್ನೂ ಗಂಟು ಹಾಕಿದರು. ವಾರದೊಳಗೆ ಊರಿಗೆ ಊರೇ ಅದನ್ನು ನಂಬಿತು. ನೀರಿನ ಸಮಿತಿಯವರು ಅವನ ಕೈಯಿಂದ ತೂಬಿನ ಕೀಲಿ ತೆಗೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು.

ಆಮೇಲೆ ಹಣ್ಣಿನ ರೋಗ ಬಲ್ಲ ಒಬ್ಬ ಹೆಂಗಸು ಎಲೆ ನೋಡಲು ಬಂದರು. ಇದು ನೀರಿನದಲ್ಲ, ಕಸಿಯ ಕಣ್ಣಿನಿಂದ ಬರುವ ರೋಗದ ಹಾಗಿದೆ, ಸಸಿ ಎಲ್ಲಿಯವು ಎಂದು ಮಾವನನ್ನು ಕೇಳಿದರು. ಮಾವ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಲಿಲ್ಲ. ಹೊರಗಿನಿಂದ ತರಿಸಿದವು, ಯಾರು ತಂದರೋ ನೆನಪಿಲ್ಲ ಎಂದ. ಅವರು ಬರೆದುಕೊಂಡು ಹೋದರು. ಅವರ ವರದಿ ಬರುವಷ್ಟರಲ್ಲಿ ಊರು ತನ್ನ ತೀರ್ಪು ಕೊಟ್ಟಾಗಿತ್ತು, ವರದಿ ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಅವರು ಬಂದುಹೋದ ಮರುದಿನವೇ ಮಾವ ತಾಯಿಮರ ಕಡಿದ. ಅತ್ತೆಗೆ ಗೆದ್ದಲು ಎಂದು ಹೇಳಿದ. ಬುಡ ಕೀಳಲಾಗದೆ ಒದ್ದಾಡುತ್ತಿದ್ದಾಗ ಗೋಡೆ ಹಾರಿ ಹಗ್ಗ ಹಿಡಿದು ಬಂದವನು ನೀರಣ್ಣ. ಕೆಲಸವಿಲ್ಲದೆ ಮನೆಯಲ್ಲೇ ಇದ್ದನಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಬೇರು ಕತ್ತರಿಸಿ ಎಳೆದರು. ಕೊನೆಗೆ ಬುಡ ಮಗುಚಿದಾಗ ನೀರಣ್ಣ ಅದರ ಮೇಲೆ ಕೂತು, "ನಿನ್ನ ಮರಕ್ಕೂ ನನ್ನ ನೀರೇ ತಗಲಿತೇನೋ, ತಪ್ಪಾಯ್ತು ಕಣೋ," ಎಂದ.

ಮಾವ ಹಗ್ಗ ಸುತ್ತತೊಡಗಿದ. ಅಂದು ಅವನು ಹೇಳದೆ ಉಳಿಸಿದ್ದು ತಪ್ಪು ನಿನ್ನದಲ್ಲ ಎನ್ನುವ ಮಾತೊಂದನ್ನೇ, ಆಮೇಲೆ ಅವನಿಂದ ಬೇರೆ ಮಾತೂ ಹೊರಡುವುದು ಕಡಿಮೆಯಾಯಿತು.

ಎರಡು ತಿಂಗಳಲ್ಲಿ ನೀರಣ್ಣ ಹೆಂಡತಿ, ಮಗಳನ್ನು ಕರೆದುಕೊಂಡು ಊರು ಬಿಟ್ಟ. ಊರು ಸೀಬೆಗೆ ಹೊರಳಿತು. ಸೀಬೆ ಗಿಡಕ್ಕೂ ಕಸಿ ಕಟ್ಟಲು ಕರೆದರು. ಕೈ ನಡುಗುತ್ತದೆ ಎಂದು ಮಾವ ಹೋಗಲಿಲ್ಲ. ಕೈ ನಡುಗುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸುವುದನ್ನು ನಾನೇ ನೋಡಿದ್ದೇನೆ. ಬೀದಿಯಲ್ಲಿ ಯಾರಾದರೂ ಹಳೆಯ ಕಿತ್ತಳೆಯ ಸುದ್ದಿ ಎತ್ತಿದರೆ, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ಅವನದು. ದಾರಿ ಬದಲಿಸುತ್ತಿದ್ದ.

ಹನ್ನೊಂದು ವರ್ಷದ ಮೇಲೆ ಬೆಳೆಗಾರರ ಸಂಘದವರು ಅವನಿಗೆ ಸನ್ಮಾನವಿಟ್ಟುಕೊಂಡರು. ಊರಿಗೆ ಹಣ್ಣು ಕೊಟ್ಟವನು ಎಂದು ಹೊಗಳಿ, ಅವನನ್ನೂ ಮಾತಾಡಲು ಎಬ್ಬಿಸಿದರು. ಮಾವ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟ. ರೋಗ ನೀರಿನಿಂದ ಬರಲಿಲ್ಲ, ನನ್ನ ಹಿತ್ತಲಿನಿಂದ ಬಂತು, ಗೊತ್ತಿದ್ದೂ ಸುಮ್ಮನಿದ್ದೆ ಎಂದ. ಸಂಘದ ಅಧ್ಯಕ್ಷರು ಎದ್ದು, ಹಳೆಯದೆಲ್ಲ ಯಾಕೆ, ವಯಸ್ಸಾದ ಮೇಲೆ ಮನುಷ್ಯನಿಗೆ ಏನೇನೋ ಅನಿಸುತ್ತದೆ ಎಂದು ಶಾಲನ್ನು ಮತ್ತೆ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮಾರನೆಯ ವಾರ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ನೀರಣ್ಣ ಮಗಳ ಮನೆಯಲ್ಲಿದ್ದ, ಹೊಲಿಗೆ ಅಂಗಡಿಯ ಹಿಂದಿನ ಒಂದು ಕೋಣೆ. ಹೆಂಡತಿ ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು. ಮಾವ ಕೂರಲಿಲ್ಲ, ನಿಂತೇ ಎಲ್ಲ ಹೇಳಿದ. ನೀರಣ್ಣ ತನ್ನ ಎರಡು ಅಂಗೈ ನೋಡಿಕೊಂಡ.

"ಊರವರು ಅಂದಿದ್ದಕ್ಕೆ ನಾನು ಕೊರಗಲಿಲ್ಲ," ಎಂದ. "ಅವರು ಅಂದದ್ದು ನಿಜ ಅಂತ ನಾನೂ ನಂಬಿದ್ದೆ. ಇಷ್ಟು ವರ್ಷ ಆ ಮೂರು ದಿನವನ್ನೇ ಲೆಕ್ಕ ಹಾಕ್ತಾ ಬದುಕಿದೀನಿ. ಅವಳೂ ಹಾಗೇ ನಂಬಿಕೊಂಡೇ ಹೋದ್ಳು."

ಮಾವ ಕ್ಷಮಿಸು ಎನ್ನಲಿಲ್ಲ. ಆ ಮಾತು ಅಲ್ಲಿಗೆ ಬಹಳ ಚಿಕ್ಕದಾಯಿತು ಎಂದು ವಾಪಸು ಬರುವಾಗ ಹೇಳಿದ.

ನೀರಣ್ಣ ಒಳಬಾಗಿಲ ಕಡೆ ತಿರುಗಿ ಮಗಳನ್ನು ಕರೆದ. ಶಾಲೆಯಲ್ಲಿ ಅವಳನ್ನು ವಿಷದ ನೀರಿನವನ ಮಗಳು ಎಂದು ಕರೆಯುತ್ತಿದ್ದರು, ನನಗೂ ನೆನಪಿದೆ, ನಾನೂ ಅದೇ ತರಗತಿಯಲ್ಲಿದ್ದೆ. "ಇವಳ ಮುಂದೆ ಇನ್ನೊಂದ್ಸಲ ಹೇಳು," ಎಂದ.

ಮಾವ ಮೊದಲಿನಿಂದ ಹೇಳಿದ, ಕೊಂಬೆ ಬಿಟ್ಟದ್ದನ್ನೂ ಸೇರಿಸಿ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅಂಗಡಿಯ ಮೇಜಿನಿಂದ ಕಾಗದ, ಪೆನ್ನು ತಂದು ಅವನ ಮುಂದಿಟ್ಟಳು. "ಬರೆದು ಕೊಡಿ. ಮುದುಕರಿಗೆ ಏನೋ ಅನಿಸಿತು ಅಂತ ಯಾರೂ ತಳ್ಳಿಹಾಕಬಾರದು."

ಮಾವ ಬರೆದ. ಅದರಲ್ಲಿ ಆ ಹಳೆಯ ವರದಿಯ ಮಾತನ್ನೂ ಹಾಕಿದ. ಅದರ ಒಂದು ಪ್ರತಿ ನೀರಿನ ಸಮಿತಿಯ ಕಚೇರಿಯ ಹಲಗೆಯ ಮೇಲೆ ಅಂಟಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ಮಾವನ ಜೊತೆ ಮಾತು ಬಿಟ್ಟರು. ಸಮಿತಿ ನೀರಣ್ಣನಿಗೆ ತಪ್ಪೊಪ್ಪಿಗೆಯ ಪತ್ರ ಕಳಿಸಿತು. ಅವನು ಊರಿಗೆ ಬರಲಿಲ್ಲ, ಮಾವನನ್ನು ಮತ್ತೆ ನೋಡಲೂ ಇಲ್ಲ. ಮಾವ ಅದನ್ನು ಬಯಸಲೂ ಇಲ್ಲ. ಬದುಕಿರುವವರೆಗೆ ಸಂಘದ ಶಾಲನ್ನು ಹೊದೆಯಲಿಲ್ಲ, ಯಾರಿಗೂ ಕೊಡಲೂ ಇಲ್ಲ.